ಎಂಟು ತಿಂಗಳು ಕಟ್ಟಿದ ಹಡಗು ಬಾಳೆಕಾಯಿ ಆಗಿದೆ, ಬಿಸಾಕಲಾ ಉಳಿಸಲಾ?

ತೋಪಡ_ತಿಮ್ಮ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ.

ಕಳೆದ ನವೆಂಬರ್‌ನಲ್ಲಿ ಒಂದು ಮರದ ಹಡಗಿನ ಮಾದರಿ ಶುರು ಮಾಡಿದೆ. ಕಿಟ್ ಅಲ್ಲ. ನಕ್ಷೆ ತರಿಸಿಕೊಂಡು ಪ್ರತಿ ತುಂಡನ್ನೂ ನಾನೇ ಕೊಯ್ದು ಮಾಡುತ್ತಿರುವುದು. ಹಡಗಿನ ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಬ್ರಿಟಿಷ್ ನೌಕಾಪಡೆಗೆ ಅಂತ ಬಾಂಬೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ್ದು. ಇವತ್ತಿಗೂ ನೀರಿನ ಮೇಲೆ ತೇಲುತ್ತಿರುವ ಯುದ್ಧನೌಕೆಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದು. ನಮ್ಮ ಕಡೆಯ ಮರ ಅಂತ ಖುಷಿಯಾಗಿ ಇದನ್ನೇ ಆರಿಸಿಕೊಂಡೆ.

ಅಳತೆ 1:96. ಬಡಗಿಗಳ ಲೆಕ್ಕದಲ್ಲಿ ಹೇಳುವುದಾದರೆ ಒಂದಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು. ಒಡಲು ಸುಮಾರು 48 ಸೆಂ.ಮೀ. ಬರುತ್ತದೆ. 3 ಮಿ.ಮೀ. ಪ್ಲೈವುಡ್‌ನಲ್ಲಿ ನಡುವಿನ ಬೆನ್ನುಹಲಗೆ, ಅದಕ್ಕೆ ಅಡ್ಡಹಲಗೆಗಳು, ಮೇಲೆ ತೇಗದ ಪಟ್ಟಿ. ಎಡಗಡೆ ಪೂರ್ತಿ ಪಟ್ಟಿ ಹೊಡೆದು ಮುಗಿಸಿದ್ದೆ, ಅಷ್ಟು ಚೆನ್ನಾಗಿ ಬಂದಿತ್ತು! ಜೂನ್‌ನಲ್ಲಿ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದು ನೋಡಿದರೆ ಇಡೀ ಹಡಗು ಎಡಕ್ಕೆ ಬಾಗಿ ಬಾಳೆಕಾಯಿ ಆಗಿದೆ. ನಾನಿರುವುದು ಶಿವಮೊಗ್ಗ, ಮಳೆ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಮನೆಯವಳು "ಒಲೆಗೆ ಹಾಕಲಾ?" ಅಂತ ದಿನಾ ಕೇಳುತ್ತಾಳೆ. ಏನು ಮಾಡಲಿ?

ಗೆರೆಕಾರ
ಬಾಳೆಕಾಯಿ ಅಂದರೆ ಎಷ್ಟು? ಮೂತಿಯಿಂದ ಹಿಂಬದಿಗೆ ದಾರ ಬಿಗಿಯಾಗಿ ಹಿಡಿದು ಮಧ್ಯದಲ್ಲಿ ಎಷ್ಟು ಅಂತರ ಇದೆ ಅಳೆದು ಹೇಳಿ. ಕಣ್ಣಂದಾಜು ಬೇಡ.

ತೋಪಡ_ತಿಮ್ಮ
ಅಳೆದೆ ಸರ್. 5 ಮಿ.ಮೀ.

ಪುಟ್ಟ_ಗರಗಸ
5 ಗುಣಿಸು 96. ನಿಜದ ಹಡಗಾಗಿದ್ದರೆ 48 ಸೆಂ.ಮೀ. ಸೊಟ್ಟ. ಕ್ಯಾಪ್ಟನ್ ನೇರ ಹೋಗು ಅಂದರೆ ಹಡಗು ಅರಬ್ಬೀ ಸಮುದ್ರದಲ್ಲಿ ಗುಂಡಗೆ ಸುತ್ತುತ್ತಾ ಇರುತ್ತಿತ್ತು 😄

ಬೆಂದಕಾಳೂರು_ಬಡಗಿ
ಮಳೆಯನ್ನು ಬೈಯಬೇಡಿ. ತಪ್ಪು ಎಲ್ಲಿ ಆಗಿದೆ ಅಂತ ನೀವೇ ಬರೆದಿದ್ದೀರಿ: "ಎಡಗಡೆ ಪೂರ್ತಿ ಪಟ್ಟಿ ಹೊಡೆದು ಮುಗಿಸಿದ್ದೆ". ಇದನ್ನು ಯಾವತ್ತೂ ಮಾಡಬಾರದು. ಎಡಕ್ಕೆ ಒಂದು ಪಟ್ಟಿ ಹೊಡೆದರೆ ಅದರ ಜೋಡಿಯನ್ನು ಬಲಕ್ಕೆ ಹೊಡೆದೇ ಮುಂದಿನದಕ್ಕೆ ಕೈ ಹಾಕಬೇಕು. ಬಗ್ಗಿಸಲಿಕ್ಕೆ ಅಂತ ಪಟ್ಟಿಯನ್ನು ನೀರಲ್ಲಿ ನೆನೆಸಿರುತ್ತೀರಿ, ಫೆವಿಕಾಲ್‌ನಲ್ಲೂ ನೀರಿದೆ. ಅದೆಲ್ಲ ಒಣಗುವಾಗ ಮರ ಕುಗ್ಗುತ್ತದೆ, ಕುಗ್ಗುತ್ತಾ ಒಡಲನ್ನು ತನ್ನ ಕಡೆ ಎಳೆಯುತ್ತದೆ. ಬಲಗಡೆಯಿಂದ ಅಷ್ಟೇ ಎಳೆತ ಇದ್ದಿದ್ದರೆ ಸಮ ಆಗುತ್ತಿತ್ತು. ಇಲ್ಲಿ ಎದುರಾಳಿಯೇ ಇಲ್ಲದ ಹಗ್ಗಜಗ್ಗಾಟ ಆಗಿದೆ.

ಎರಡನೆಯದು, 3 ಮಿ.ಮೀ. ಪ್ಲೈ ಬಹಳ ತೆಳು. ಈ ಉದ್ದಕ್ಕೆ 5 ಅಥವಾ 6 ಬೇಕು. ಮೂರನೆಯದು, ಅಡ್ಡಹಲಗೆಗಳ ನಡುವೆ ಮರದ ತುಂಡು ತುಂಬಿಸಿದ್ದೀರಾ? ಇಲ್ಲ ಅಂತ ಕಾಣುತ್ತದೆ. ಜೊತೆಗೆ ನೆಟ್ಟಗಿರುವ ದಪ್ಪ ಹಲಗೆಯೊಂದಕ್ಕೆ ಒಡಲನ್ನು ಸ್ಕ್ರೂ ಹಾಕಿ ನಿಲ್ಲಿಸಿಕೊಂಡು ಕೆಲಸ ಮಾಡಬೇಕಿತ್ತು. ನಾನೂ ಮೊದಲನೆಯದನ್ನು ತೊಡೆ ಮೇಲೆ ಇಟ್ಟುಕೊಂಡು ಮಾಡಿ ಹಾಳು ಮಾಡಿದವನೇ, ಬೇಜಾರು ಮಾಡಿಕೊಳ್ಳಬೇಡಿ.

ಕಥೆಗಾರ_ಕಿಟ್ಟಿ
ಸೊಟ್ಟ ಆದರೆ ಏನಂತೆ? ಸ್ವೀಡನ್ನಿನ ವಾಸಾ ಹಡಗು ಕೂಡ ಸೊಟ್ಟವೇ. ಅದನ್ನು ಅಳೆದು ನೋಡಿದಾಗ ಎಡಗಡೆಗೂ ಬಲಗಡೆಗೂ ಹೊಂದಾಣಿಕೆಯೇ ಇರಲಿಲ್ಲ. ಹಡಗಿನೊಳಗೆ ಬಡಗಿಗಳ ಅಳತೆಕೋಲು ನಾಲ್ಕು ಸಿಕ್ಕಿದವು. ಎರಡರಲ್ಲಿ ಅಡಿಗೆ 12 ಇಂಚಿನ ಸ್ವೀಡಿಷ್ ಲೆಕ್ಕ, ಇನ್ನೆರಡರಲ್ಲಿ ಅಡಿಗೆ 11 ಇಂಚಿನ ಆಮ್‌ಸ್ಟರ್‌ಡ್ಯಾಮ್ ಲೆಕ್ಕ! ರಾಜನ ಹಡಗಿನ ಕಥೆಯೇ ಹೀಗಿರುವಾಗ ತಿಮ್ಮಣ್ಣನ 5 ಮಿ.ಮೀ. ಯಾವ ಲೆಕ್ಕ.

ಪುಟ್ಟ_ಗರಗಸ
ಅದು 1628ರಲ್ಲಿ ಮೊದಲ ಪಯಣದಲ್ಲೇ ಬಂದರು ದಾಟುವ ಮೊದಲೇ ಮುಳುಗಿತು ಸ್ವಾಮಿ. ಒಳ್ಳೇ ಧೈರ್ಯ ಹೇಳ್ತೀರಿ.

ಗೆರೆಕಾರ
ಮುಳುಗಿದ್ದು ಅಳತೆಕೋಲಿನಿಂದ ಅಲ್ಲ. ಮೇಲ್ಭಾಗ ಭಾರ, ಕೆಳಗೆ ಅಗಲ ಸಾಲದು, ಗಾಳಿಗೆ ವಾಲಿತು, ತೆರೆದಿದ್ದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ತಿಮ್ಮಣ್ಣನವರ ಹಡಗು ಶೋಕೇಸಿಗೆ ಹೋಗುವುದು, ಮುಳುಗುವ ಭಯ ಇಲ್ಲ.

ಸಾಗರದ_ಅಕ್ಕ
ಎಲ್ಲರೂ ಕಥೆ ಹೇಳುವುದು ಬಿಟ್ಟು ಅವರಿಗೆ ದಾರಿ ಹೇಳಿ. ತಿಮ್ಮಣ್ಣ, ಬಿಸಾಕಬೇಡಿ. ನನಗೂ ಒಮ್ಮೆ ಇದೇ ಆಗಿತ್ತು, ಉಳಿಸಿಕೊಂಡೆ.

ಬಿಳಿ ಫೆವಿಕಾಲ್ ಆದರೆ ಬಿಡಿಸಬಹುದು. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಅಂಟು ಮೆತ್ತಗಾಗುತ್ತದೆ. ಕೊರೊನಾ ಕಾಲದ ನೀರಿನಂಥ ಸ್ಯಾನಿಟೈಜರ್ ಬಾಟಲಿ ಮನೆಯಲ್ಲಿ ಉಳಿದಿರುತ್ತದಲ್ಲ, ಅದರಲ್ಲಿ ಇದು ಇದೆಯಾ ನೋಡಿ, ಇದ್ದರೆ ನಡೆಯುತ್ತದೆ. ಜೆಲ್ ಬೇಡ, ಅಂಟಂಟು. ಫೆವಿಕ್ವಿಕ್ ಹಾಕಿದ್ದರೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಅಸಿಟೋನ್ ಬೇಕು.

ಎಲ್ಲ ಪಟ್ಟಿ ಕೀಳಬೇಡಿ. ಕೆಳಗಿನಿಂದಲೂ ಮೇಲಿನಿಂದಲೂ ಒಂದೊಂದು ಪಟ್ಟಿ ಬಿಟ್ಟು ಮಧ್ಯದ ನಾಲ್ಕೈದು ಬಿಡಿಸಿ. ಎಳೆತ ಸಡಿಲ ಆಗುತ್ತದೆ. ಆಮೇಲೆ ಒಡಲನ್ನು ದಪ್ಪ ಹಲಗೆಗೆ ಕ್ಲ್ಯಾಂಪ್ ಮಾಡಿ, ಬಲಕ್ಕೆ ಒಂದೆರಡು ಮಿ.ಮೀ. ಜಾಸ್ತಿಯೇ ಬಗ್ಗಿಸಿ ಇಡಿ, ಬಿಟ್ಟಾಗ ಸ್ವಲ್ಪ ವಾಪಸ್ ಬರುತ್ತದೆ. ಹಾಗೇ ಇದ್ದಾಗ ಅಡ್ಡಹಲಗೆಗಳ ನಡುವೆ ಮರದ ತುಂಡುಗಳನ್ನು ಬಿಗಿಯಾಗಿ ಕೂರಿಸಿ ಅಂಟಿಸಿ. ಒಂದು ವಾರ ಮುಟ್ಟಬೇಡಿ. ಬಿಸಿಲಿಗೂ ಇಡಬೇಡಿ, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ.

ತೋಪಡ_ತಿಮ್ಮ
ಅಕ್ಕ, ಮೂತಿ ಹತ್ತಿರ ಫೆವಿಕ್ವಿಕ್ ಹಾಕಿದ್ದೇನೆ. ಅಲ್ಲಿ ಪಟ್ಟಿ ನಿಲ್ಲುತ್ತಲೇ ಇರಲಿಲ್ಲ. ಬಗ್ಗಿಸುವಾಗ ನಾಲ್ಕರಲ್ಲಿ ಒಂದು ಪಟ್ಟಿ ಮುರಿಯುತ್ತಿತ್ತು.

ಬೆಂದಕಾಳೂರು_ಬಡಗಿ
ಪಟ್ಟಿಯನ್ನು ಮೂತಿಯ ಕಡೆ ಕಿರಿದು ಮಾಡಿಲ್ಲ ಅಂತ ಅರ್ಥ. ಹೊಟ್ಟೆಯ ಹತ್ತಿರ ಒಡಲಿನ ಸುತ್ತಳತೆ ಜಾಸ್ತಿ, ಮೂತಿಯ ಹತ್ತಿರ ಕಮ್ಮಿ, ಆದರೆ ಎರಡು ಕಡೆಯೂ ಅಷ್ಟೇ ಪಟ್ಟಿ ಹಿಡಿಯಬೇಕು. ಅಗಲ ಕೀಸದೆ ಒತ್ತಿ ಕೂರಿಸಲು ಹೋದರೆ ಒಂದೋ ಮೇಲಕ್ಕೆ ತಿರುಚುತ್ತದೆ, ಇಲ್ಲ ಮುರಿಯುತ್ತದೆ. ಸೀರೆ ನೆರಿಗೆ ಹಿಡಿಯುವಾಗ ಸೊಂಟದ ಹತ್ತಿರ ಎಷ್ಟು ಒತ್ತೊತ್ತಾಗಿ ಬರುತ್ತದೆ ನೋಡಿ, ಬಟ್ಟೆ ಮಡಚಿಕೊಳ್ಳುತ್ತದೆ, ಮರ ಮಡಚಿಕೊಳ್ಳುವುದಿಲ್ಲ.

ಇನ್ನೊಂದು. ನೀವು ಪಟ್ಟಿಯನ್ನು ಮೂತಿಯಿಂದ ಹಿಂಬದಿವರೆಗೆ ಒಂದೇ ಉದ್ದ ಹೊಡೆದಿದ್ದೀರಾ? ನಿಜದ ಹಡಗಿನಲ್ಲಿ ಹಲಗೆ 20-24 ಅಡಿ ಇರುತ್ತಿತ್ತು ಅಷ್ಟೇ. ನಿಮ್ಮ ಅಳತೆಯಲ್ಲಿ ಆರೂವರೆಯಿಂದ ಏಳೂವರೆ ಸೆಂ.ಮೀ. ಸಣ್ಣ ತುಂಡಾದರೆ ಬಗ್ಗಿಸುವುದೂ ಸುಲಭ, ನೋಡಲೂ ಸರಿ. ಕೀಲುಗಳು ಪಕ್ಕಪಕ್ಕ ಬರಬಾರದು, ಇಟ್ಟಿಗೆ ಗೋಡೆಯ ಹಾಗೆ ತಪ್ಪಿಸಿ.

ಮಲೆನಾಡ_ಮಳೆ
ಬಗ್ಗಿಸಲಿಕ್ಕೆ ನಾನು ಕುಕ್ಕರಿನ ಹಬೆ ಬಳಸುತ್ತೇನೆ. ವಿಶಲ್ ತೆಗೆದು ಆ ಮೂತಿಗೆ ಪಟ್ಟಿ ಹಿಡಿಯುವುದು. ಮರವನ್ನು ಬಗ್ಗಿಸುವುದು ನೀರಲ್ಲ, ಬಿಸಿ. ಗಂಟೆಗಟ್ಟಲೆ ನೆನೆಸಿದರೆ ಮರ ಊದಿಕೊಳ್ಳುತ್ತದೆ ಅಷ್ಟೇ.

ಪುಟ್ಟ_ಗರಗಸ
ಕೂದಲು ನೇರ ಮಾಡುವ ಸ್ಟ್ರೇಟ್ನರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಕ್ಕನ ಸ್ಟ್ರೇಟ್ನರ್ ಕದ್ದು ಹದಿನಾರು ಪಟ್ಟಿ ಬಗ್ಗಿಸಿದೆ. ಹದಿನೇಳನೆಯದಕ್ಕೆ ಸಿಕ್ಕಿಬಿದ್ದೆ.

ಚನ್ನಪಟ್ಟಣ_ಚಕ್ರ
ತೇಗ ಯಾಕೆ ಆರಿಸಿಕೊಂಡಿರಿ ಅಂತ ಯಾರೂ ಕೇಳಲೇ ಇಲ್ಲ. ದೊಡ್ಡ ಹಡಗು ತೇಗದ್ದು ಅಂತ ಚಿಕ್ಕದನ್ನೂ ತೇಗದಲ್ಲೇ ಮಾಡಬೇಕಾ? ತೇಗದ ಸಣ್ಣ ರಂಧ್ರಗಳನ್ನು 96 ಪಟ್ಟು ದೊಡ್ಡದು ಮಾಡಿ ನೋಡಿ, ಹೆಬ್ಬೆರಳು ತೂರುವಷ್ಟು ತೂತು ಆಗುತ್ತವೆ. ಅಂಥ ಹಲಗೆ ಇರುವ ಹಡಗು ಎಲ್ಲಿದೆ? ಎಣ್ಣೆ ಮರ ಬೇರೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ, ಅಂಟಿಸುವ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು.

ಹಾಲೆ ಮರ ನೋಡಿ. ನಮ್ಮ ಊರಿನ ಗೊಂಬೆಗಳೆಲ್ಲ ಅದರಲ್ಲೇ ಆಗುವುದು. ಬಿಳಿ, ನುಣುಪು, ಎಳೆ ಕಾಣುವುದೇ ಇಲ್ಲ, ಚೂರಿ ಹಾಕಿದರೆ ಬೆಣ್ಣೆ. ಬಣ್ಣ ಬೇಕಾದರೆ ಆಮೇಲೆ ತೆಳುವಾಗಿ ಚಹಾ ನೀರೋ ಅರಗೋ ಹಚ್ಚಿಕೊಳ್ಳಿ. ಹೊರದೇಶದವರು ಪೇರ್ ಮರ, ಬಾಕ್ಸ್‌ವುಡ್ ಅಂತ ಹುಡುಕುತ್ತಾರೆ, ನಮಗೆ ಮನೆ ಬಾಗಿಲಲ್ಲೇ ಇದೆ. ಲೇತ್ ಇರುವವರ ಹತ್ತಿರ ಹೋದರೆ ಕೂವೆಮರ (ಹಾಯಿ ಕಟ್ಟುವ ಕಂಬ), ಫಿರಂಗಿ ಕೊಳವೆ ಎಲ್ಲ ತಿರುವಿ ಕೊಡುತ್ತಾರೆ.

ಗೆರೆಕಾರ
ಬೇರೆಯವರ ಹತ್ತಿರ ತಿರುವಿಸಿದರೆ ಅದು ಸ್ಕ್ರ್ಯಾಚ್ ಬಿಲ್ಡ್, ಅಂದರೆ ಎಲ್ಲವನ್ನೂ ಕೈಯಾರೆ ಮಾಡಿದ್ದು, ಹೇಗಾಗುತ್ತದೆ?

ಚನ್ನಪಟ್ಟಣ_ಚಕ್ರ
ಮರ ನೀವೇ ಬೆಳೆಸಿದ್ದಾ? ದಾರ ನೀವೇ ನೂತಿದ್ದಾ?

ಗೆರೆಕಾರ
ದಾರ ಅಲ್ಲ, ಹಗ್ಗ ನಾನೇ ಹೊಸೆಯುತ್ತೇನೆ. ಮೂರು ಎಳೆ, ಹಳೇ ಮಿಕ್ಸಿ ಮೋಟಾರು. ಆದರೆ ಒಪ್ಪಿದೆ, ವಾದ ಇಲ್ಲಿಗೆ ಬಿಡೋಣ.

ಉಪ್ಪುನೀರು
ನಾನೊಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮಾರಾಯ್ರೆ. ಈಜಲು ಬಾರದವನು ನೇತ್ರಾವತಿಗೆ ನೆರೆ ಬಂದಾಗ ಹಾರಿದ ಹಾಗಾಯಿತು ಇದು. ಮೂರು ಕೂವೆಮರದ ಯುದ್ಧದ ಹಡಗು ಮೊದಲ ಕೆಲಸಕ್ಕೆ ಎಂತಕ್ಕೆ? ಆ ಹಗ್ಗದ ಏಣಿಗಳಿಗೇ ನೂರಾರು ಗಂಟು ಹಾಕಬೇಕು. ಒಂದು ದೋಣಿ ಮಾಡಿ ಮೊದಲು.

ನಮ್ಮ ಕರಾವಳಿಯಲ್ಲೇ ಎಷ್ಟು ಬಗೆ ಇತ್ತು. ಪತ್ತೇಮಾರಿ ಇತ್ತು, ಮಚವೆ ಇತ್ತು, ಮಂಜಿ ಇತ್ತು. ನನ್ನ ಅಜ್ಜ ಗಂಗೊಳ್ಳಿಯಿಂದ ಬೊಂಬಾಯಿಗೆ ಹಂಚು ತುಂಬಿಕೊಂಡು ಹೋಗುವ ಮಚವೆಯಲ್ಲಿ ಕೆಲಸಕ್ಕಿದ್ದವರು. ಮಳೆಗಾಲ ಮುಗಿದ ಮೇಲೆ ಹಾಯಿ ಬಿಚ್ಚಿದರೆ ಮತ್ತೆ ಮಳೆ ಶುರುವಾಗುವ ಮೊದಲು ಮನೆಗೆ. ಅದರ ಮಾದರಿ ಒಂದನ್ನೂ ನಾನು ಯಾರ ಮನೆಯಲ್ಲೂ ನೋಡಿಲ್ಲ. ಎಲ್ಲರ ಶೋಕೇಸಿನಲ್ಲೂ ಇಂಗ್ಲೆಂಡಿನ ಹಡಗು.

ಬೆಂದಕಾಳೂರು_ಬಡಗಿ
ಮಾತು ಸರಿ, ಆದರೆ ನಕ್ಷೆ ಎಲ್ಲಿದೆ? ಟ್ರಿಂಕೋಮಲಿ ಥರದ ಹಡಗಿಗೆ ಗ್ರೀನಿಚ್ ಮ್ಯೂಸಿಯಂನಲ್ಲಿ ನಕ್ಷೆ ಸಿಗುತ್ತದೆ. ಒಂದೊಂದು ಅಡ್ಡಕೊಯ್ತದ ಗೆರೆಯೂ ಇದೆ. ಮಚವೆಗೆ ಏನಿದೆ?

ಉಪ್ಪುನೀರು
ನಕ್ಷೆ ಆಚಾರ್ರ ತಲೆಯಲ್ಲಿತ್ತು. ಕಾಗದ ಇಟ್ಟುಕೊಂಡು ದೋಣಿ ಕಟ್ಟಿದವರನ್ನು ನಾನು ಕಂಡಿಲ್ಲ. ಕೇರಳದ ಬೇಪೂರಿನಲ್ಲಿ ಉರು ಅನ್ನುವ ಮರದ ಹಡಗು ಕಟ್ಟುವವರೂ ಹಾಗೆಯೇ. ಮೊದಲು ಹಲಗೆ ಜೋಡಿಸಿ ಒಡಲಿನ ಆಕಾರ ತಂದು, ಒಳಗಿನ ಪಕ್ಕೆಲುಬು ಆಮೇಲೆ ಕೂರಿಸುವುದು. ನೀವು ಮಾಡುವುದಕ್ಕೆ ಪೂರಾ ಉಲ್ಟಾ.

ಅಳತೆ ಬೇಕಾದರೆ ಮಂಗಳೂರು ಹಳೇ ಬಂದರಿಗೆ ಹೋಗಿ. ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ಹೊರುವ ಮಂಜಿಗಳು ಈಗಲೂ ನಿಂತಿರುತ್ತವೆ. ಹಾಯಿ ಹೋಗಿ ಎಂಜಿನ್ ಬಂದಿದೆ, ಆದರೆ ಒಡಲು ಮರದ್ದೇ. ಮಳೆಗಾಲದಲ್ಲಿ ಓಡಾಟ ಇರುವುದಿಲ್ಲ, ಆಗ ಹೋದರೆ ನಿಧಾನಕ್ಕೆ ಟೇಪು ಹಿಡಿದು ಅಳೆಯಬಹುದು. ಮಂಜಿ ನಡೆಸುವ ತಂಡೇಲರನ್ನು ಕೇಳಿ, ಒಂದು ಚಹಾ ಕುಡಿಸಿ, ಯಾರೂ ಬೇಡ ಅನ್ನುವುದಿಲ್ಲ.

ಕಥೆಗಾರ_ಕಿಟ್ಟಿ
ನಕ್ಷೆ ಇಲ್ಲದೆ ಕಟ್ಟಿದ್ದಕ್ಕೆ ಈಚಿನ ಉದಾಹರಣೆ ಕಾರವಾರದಲ್ಲೇ ಇದೆ. ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ ಗುಹೆಯಲ್ಲಿರುವ ಐದನೇ ಶತಮಾನದ ಒಂದು ಚಿತ್ರ ನೋಡಿ ಆಕಾರ ಹಿಡಿದು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಗೋವಾದಲ್ಲಿ ಕಟ್ಟಿದರು. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ನಮಗೆ ಬೇಕಾದ ವಿಷಯ ಏನೆಂದರೆ, ದೊಡ್ಡದನ್ನು ನೀರಿಗೆ ಬಿಡುವ ಮೊದಲು ಐಐಟಿ ಮದ್ರಾಸ್‌ನವರ ಜೊತೆ ಸೇರಿ ಚಿಕ್ಕ ಮಾದರಿಯಲ್ಲಿ ಪರೀಕ್ಷೆ ಮಾಡಿದ್ದರು. ನಾವು ಮಾಡುವುದು ಬರೀ ಆಟಿಕೆ ಅಂತ ಹೇಳುವ ಮನೆಯವರಿಗೆ ಇದನ್ನು ಓದಿ ಹೇಳಿ. ಅದರ ಹಾಯಿಯ ಮೇಲೆ ಗಂಡಭೇರುಂಡ ಬೇರೆ ಇದೆ!

ಮೈಸೂರು_ಮಲ್ಲಿಗೆ
ಟಿಪ್ಪು ಕೂಡ 1796ರಲ್ಲಿ ದೊಡ್ಡ ನೌಕಾಪಡೆ ಕಟ್ಟಲು ಹೊರಟಿದ್ದ, ಅದರ ಬಗ್ಗೆ ಯಾರೂ ಮಾತಾಡಲ್ಲ.

ನೇರ_ನುಡಿ
ಶುರುವಾಯ್ತು ನೋಡಿ. ಟಿಪ್ಪು ಹೆಸರು ಬರದೆ ಒಂದು ಚರ್ಚೆ ಮುಗಿಯುವ ಹಾಗಿಲ್ವಾ?

ಮೇಲ್ವಿಚಾರಕ
ಇಬ್ಬರೂ ಬೇರೆ ಎಳೆ ತೆಗೆಯಿರಿ. ಇಲ್ಲಿ ಅಂಟು, ಮರ, ಹಗ್ಗ ಮಾತ್ರ. ಮುಂದಿನ ಆರು ಉತ್ತರ ಅಳಿಸಿದ್ದೇನೆ.

ಟೈನ್_ದಂಡೆ_ಕನ್ನಡಿಗ
ತಡವಾಗಿ ನೋಡಿದೆ. ನಾನು ನ್ಯೂಕ್ಯಾಸಲ್‌ನಲ್ಲಿದ್ದೇನೆ, ಟ್ರಿಂಕೋಮಲಿ ನಿಂತಿರುವ ಹಾರ್ಟ್‌ಲ್‌ಪೂಲ್ ಇಲ್ಲಿಂದ ದೂರ ಅಲ್ಲ, ಮಕ್ಕಳನ್ನು ಕರೆದುಕೊಂಡು ಎರಡು ಸಲ ಹೋಗಿದ್ದೇನೆ. ಕೆಳಗಿನ ಅಟ್ಟದಲ್ಲಿ ತಲೆ ಬಗ್ಗಿಸಿಯೇ ನಡೆಯಬೇಕು. ಇನ್ನೂರು ವರ್ಷದ ತೇಗವನ್ನು ಕೈಯಿಂದ ಸವರಿ ನೋಡಿದೆ. ಮಗಳು "ಅಪ್ಪಾ, ಇದು ಅಜ್ಜಿ ಮನೆ ಬಾಗಿಲಿನ ಥರ ಇದೆ" ಅಂದಳು. ಅಜ್ಜಿ ಮನೆ ತೀರ್ಥಹಳ್ಳಿ.

ಒಂದು ತಿದ್ದುಪಡಿ. ತೇಲುತ್ತಿರುವುದರಲ್ಲಿ ಜಗತ್ತಿನಲ್ಲೇ ಹಳೆಯ ಯುದ್ಧನೌಕೆ ಇದಲ್ಲ. ಅಮೆರಿಕದ ಬಾಸ್ಟನ್‌ನಲ್ಲಿರುವ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ 1797ರದ್ದು, ಅದೂ ತೇಲುತ್ತಿದೆ. ಟ್ರಿಂಕೋಮಲಿ ಬ್ರಿಟನ್ನಿನ ಮಟ್ಟಿಗೆ ಹಳೆಯದು. ಬ್ರಿಟನ್ನಿನದೇ ಎಚ್‌ಎಂಎಸ್ ವಿಕ್ಟರಿ 1765ರದ್ದು, ಆದರೆ ಅದು ಪೋರ್ಟ್ಸ್‌ಮತ್‌ನಲ್ಲಿ ಒಣಗಟ್ಟೆಯ ಮೇಲೆ ಕೂತಿದೆ.

ಈ ಎರಡು ಹಡಗುಗಳಿಗೂ ಒಂದು ಹಳೇ ಲೆಕ್ಕ ಇದೆ. ಟ್ರಿಂಕೋಮಲಿ ಕಟ್ಟಲು ಲಂಡನ್ನಿನಿಂದ ಬಾಂಬೆಗೆ ನಕ್ಷೆ ಕಳಿಸಿದ್ದು ಎಚ್‌ಎಂಎಸ್ ಜಾವಾ ಅನ್ನುವ ಹಡಗಿನಲ್ಲಿ. 1812ರ ಡಿಸೆಂಬರ್‌ನಲ್ಲಿ ಬ್ರೆಜಿಲ್ ಕಡಲಿನಲ್ಲಿ ಆ ಜಾವಾವನ್ನು ಹಿಡಿದು ಸುಟ್ಟು ಹಾಕಿದ್ದು ಇದೇ ಕಾನ್‌ಸ್ಟಿಟ್ಯೂಷನ್! ನಕ್ಷೆಯೂ ಹೋಯಿತು. ಮತ್ತೊಂದು ಪ್ರತಿ ಕಳಿಸಬೇಕಾಯಿತು. ಹಡಗು ನೀರಿಗಿಳಿದಾಗ 1817ರ ಅಕ್ಟೋಬರ್. ಎಂಟು ತಿಂಗಳ ಕೆಲಸ ಹಾಳಾಯಿತು ಅಂತ ಅಳುವವರು ವಾಡಿಯಾ ಅವರನ್ನು ನೆನೆಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಅಡಿಮರ ಇಟ್ಟಾಗ ಅದಕ್ಕೆ ಬೆಳ್ಳಿ ಮೊಳೆ ಹೊಡೆದಿದ್ದರಂತೆ, ಪಾರ್ಸಿಗಳ ಪದ್ಧತಿ, ಹಡಗಿಗೆ ಒಳ್ಳೆಯದಾಗಲಿ ಅಂತ. ತಿಮ್ಮಣ್ಣ ಹೊಡೆದಿದ್ದಾರಾ?

ಪುಟ್ಟ_ಗರಗಸ
ಅದಕ್ಕೇ ಬಾಳೆಕಾಯಿ ಆಗಿರುವುದು. ಕೇಸ್ ಮುಗೀತು.

ಸಾಗರದ_ಅಕ್ಕ
ನಕ್ಷೆಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆ ದೊಡ್ಡದು ಚಿಕ್ಕದು ಮಾಡಿಸುವಾಗ ನಕ್ಷೆಯ ಮೇಲಿನ ಅಳತೆಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದು ನೋಡಿ. ನನ್ನ ಮೊದಲ ನಕ್ಷೆ ಒಂದು ಕಡೆ ಎಳೆದು ಬಂದಿತ್ತು, ಅಡ್ಡಹಲಗೆ ಎಲ್ಲ ಕೊಯ್ದ ಮೇಲೆ ಬೆನ್ನುಹಲಗೆಯಲ್ಲಿ ಕೊರೆದ ಸೀಳಿಗೆ ಒಂದೂ ಕೂರಲಿಲ್ಲ. ಅಂಗಡಿಯವನು "ನಮ್ಮ ಮಿಷನ್ ಹೊಸದು ಮೇಡಂ" ಅಂತಲೇ ಇದ್ದ.

ಮಲೆನಾಡ_ಮಳೆ
ತಿಮ್ಮಣ್ಣ, ಹಗ್ಗದ ಕೆಲಸಕ್ಕೆ ಬಂದಾಗ ನೆನಪಿರಲಿ, ಶಿವಮೊಗ್ಗದಲ್ಲಿ ಹತ್ತಿ ದಾರ ಮಳೆಗಾಲಕ್ಕೊಂದು ಬಿಗಿ, ಬೇಸಿಗೆಗೊಂದು ಬಿಗಿ ಆಗುತ್ತದೆ. ಪಾಲಿಯೆಸ್ಟರ್ ಹಾಕಿ. ಹತ್ತಿಯೇ ಬೇಕು ಅಂದರೆ ಜೇನುಮೇಣದಲ್ಲಿ ಎಳೆದು, ದೀಪದ ಮೇಲೆ ಸರ್ರನೆ ಹಾಯಿಸಿ ಜುಂಗು ಸುಟ್ಟುಕೊಳ್ಳಿ. ಸರ್ರನೆ ಅಂದರೆ ಸರ್ರನೆ. ಕೂವೆಮರವನ್ನು ಬಿಗಿದು ನಿಲ್ಲಿಸುವ ಹಗ್ಗ ಕಪ್ಪು, ಯಾಕೆಂದರೆ ಟಾರ್ ಬಳಿಯುತ್ತಿದ್ದರು. ಹಾಯಿ ಎಳೆಯುವ ಹಗ್ಗ ತಿಳಿ ಬಣ್ಣ. ಎಲ್ಲ ಒಂದೇ ಬಣ್ಣ ಹಾಕಿದವರನ್ನು ಇಲ್ಲಿ ಗೆರೆಕಾರರು ಸುಮ್ಮನೆ ಬಿಡುವುದಿಲ್ಲ.

ಗೆರೆಕಾರ
ಬಿಡುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಡುವಾಗ ಎರಡು ಗಾಳಿ ತೂತನ್ನೂ ಬಿಡಿ. ಪೂರ್ತಿ ಮುಚ್ಚಿದರೆ ಮರ ಮತ್ತು ಅಂಟಿನಿಂದ ಬರುವ ಹುಳಿ ಆವಿ ಒಳಗೇ ನಿಂತು, ಸೀಸದಲ್ಲಿ ಎರಕ ಹೊಯ್ದ ಫಿರಂಗಿ, ಲಂಗರು ಎಲ್ಲ ನಿಧಾನಕ್ಕೆ ಬಿಳಿ ಪುಡಿ ಆಗುತ್ತವೆ. ಮ್ಯೂಸಿಯಂಗಳ ಹಳೇ ಮಾದರಿಗಳಿಗೇ ಈ ಗತಿ ಬಂದಿದೆ.

ತೋಪಡ_ತಿಮ್ಮ
ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಅಕ್ಕ ಹೇಳಿದ ಹಾಗೆ ಮಧ್ಯದ ಐದು ಪಟ್ಟಿ ಬಿಡಿಸಿದೆ. ಸ್ಯಾನಿಟೈಜರ್ ಉಪಾಯ ಕೆಲಸ ಮಾಡಿತು, ಮನೆಯೆಲ್ಲ ಆಸ್ಪತ್ರೆ ವಾಸನೆ. ಮೂತಿ ಹತ್ತಿರ ಫೆವಿಕ್ವಿಕ್ ಹಾಕಿದ ಕಡೆ ಎರಡು ಪಟ್ಟಿ ಚೂರುಚೂರಾದವು. ದಪ್ಪ ಹಲಗೆಗೆ ಬಿಗಿದು, ತುಂಡುಗಳನ್ನು ಕೂರಿಸಿ ಹತ್ತು ದಿನ ಬಿಟ್ಟೆ. ದಾರ ಹಿಡಿದು ಅಳೆದರೆ ಈಗ 1 ಮಿ.ಮೀ. ಇದೆ. ಪುಟ್ಟ_ಗರಗಸ ಅವರಿಗಾಗಿ ಲೆಕ್ಕ: ನಿಜದ ಹಡಗಿನಲ್ಲಿ ಸುಮಾರು 10 ಸೆಂ.ಮೀ.

ಈಗ ಬಲಗಡೆ, ಸಣ್ಣ ತುಂಡಿನ ಪಟ್ಟಿ, ಹಾಲೆ ಮರದಲ್ಲಿ. ಎಡಗಡೆ ತೇಗವೇ ಇರಲಿ ಅಂತ ಬಿಟ್ಟಿದ್ದೇನೆ, ಆ ಕಡೆ ಗೋಡೆಗೆ ತಿರುಗಿಸಿ ಇಟ್ಟರಾಯಿತು. ಉಪ್ಪುನೀರು ಅವರೇ, ಈ ತಿಂಗಳ ಕೊನೆಗೆ ಮಂಗಳೂರಿಗೆ ಮದುವೆಗೆ ಬರುವುದಿದೆ. ಟೇಪು ಬ್ಯಾಗಿನಲ್ಲಿ ಹಾಕಿಕೊಂಡಿದ್ದೇನೆ.

ಉಪ್ಪುನೀರು
ಬನ್ನಿ ಬನ್ನಿ. ಬೆಳಗ್ಗೆ ಬೇಗ ಬನ್ನಿ, ಹತ್ತರ ಮೇಲೆ ಅಲ್ಲಿ ಬಿಸಿಲಲ್ಲಿ ನಿಲ್ಲಲು ಆಗುವುದಿಲ್ಲ. ಮಳೆ ಇದ್ದರೆ ಕೊಡೆ ಹಿಡಿಯಲು ಇನ್ನೊಬ್ಬರನ್ನು ಕರೆತನ್ನಿ.

ಗೆರೆಕಾರ
ಎಡಕ್ಕೆ ತೇಗ ಬಲಕ್ಕೆ ಹಾಲೆ?? ದೇವರೇ.

ಟೈನ್_ದಂಡೆ_ಕನ್ನಡಿಗ
ಬೆಳ್ಳಿ ಮೊಳೆ?

ತೋಪಡ_ತಿಮ್ಮ
ಹೊಡೆದೆ. ಮನೆಯವಳ ಹಳೇ ಕಾಲ್ಗೆಜ್ಜೆಯ ಮುರಿದ ಕೊಂಡಿ ಇತ್ತು, ಅದರ ಚೂರು. ಕೇಳದೆ ತೆಗೆದುಕೊಂಡಿದ್ದೇನೆ, ಇಲ್ಲಿ ಯಾರೂ ಅವಳಿಗೆ ಹೇಳಬೇಡಿ.